ಬೆಳಿಗ್ಗೆ ಅರವತ್ತು, ಸಂಜೆ ನಲವತ್ತೈದು: ಹಳೆಯ ಸ್ಕೂಟರಿನ ಓಟ ಹೆಚ್ಚಿಸುವುದು ಹೇಗೆ?

ಪ್ರಶ್ನೆ (ಕೊಪ್ಪಳದಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಕೊಪ್ಪಳದಲ್ಲಿ, ಕೆಲಸ ಮುನಿರಾಬಾದಿನಲ್ಲಿ. ಹೋಗಿಬರಲು ದಿನಕ್ಕೆ ಐವತ್ತು ಕಿಲೋಮೀಟರಿಗೆ ತುಸು ಮಿಕ್ಕುತ್ತದೆ. ಗಾಡಿ 2017ರಲ್ಲಿ ಕೊಂಡ 110 ಸಿಸಿಯ ಗೇರಿಲ್ಲದ ಸ್ಕೂಟರ್, ಕಾರ್ಬ್ಯುರೇಟರ್ ಇರುವಂಥದ್ದು. ಮೊದಲು ಊರೊಳಗೆ ಮಾತ್ರ ಓಡುತ್ತಿದ್ದ ಇದು ಎರಡು ವರ್ಷಗಳಿಂದ ಹೆದ್ದಾರಿ ಕಂಡಿದೆ, ಈಗ 46 ಸಾವಿರ ಕಿ.ಮೀ. ಮುಗಿಸಿದೆ.

ತೊಂದರೆ ಏನೆಂದರೆ, ಬೆಳಿಗ್ಗೆ ಹೋಗುವಾಗ ಹೇಗೋ ಅರವತ್ತರ ವೇಗ ಮುಟ್ಟುವ ಗಾಡಿ, ಸಂಜೆ ಬರುವಾಗ ಎಕ್ಸಲೇಟರ್ ಪೂರ್ತಿ ತಿರುವಿದರೂ ನಲವತ್ತೈದು ದಾಟುವುದಿಲ್ಲ. ಎಂಜಿನ್ ಕೂಗುತ್ತದೆ, ಮುಳ್ಳು ಮಾತ್ರ ಏಳುವುದಿಲ್ಲ. ಗಿಣಿಗೇರಿಯ ಹತ್ತಿರ ಲಾರಿಗಳ ಸಾಲು ಬೆನ್ನಿಗೆ ಬಂದು ಹಾರ್ನ್ ಹೊಡೆಯುವಾಗ ಜೀವ ಕೈಯಲ್ಲಿ ಹಿಡಿದು ಓಡಿಸುವಂತಾಗುತ್ತದೆ. ಮಂಗಳವಾರ, ಶುಕ್ರವಾರಗಳಂದು ಹುಲಿಗಿಗೆ ಹೋಗಿಬರುವ ಭಕ್ತರ ವಾಹನಗಳೂ ಸೇರಿಕೊಂಡರೆ ಕೇಳುವುದೇ ಬೇಡ. ಲೀಟರಿಗೆ 48 ಕೊಡುತ್ತಿದ್ದ ಮೈಲೇಜ್ 38ಕ್ಕೆ ಇಳಿದಿದೆ.

ಒಬ್ಬ ಮೆಕ್ಯಾನಿಕ್ ಹಗುರವಾದ ರೋಲರ್, ತೆರೆದ ಏರ್ ಫಿಲ್ಟರ್ ಮತ್ತು ಬೇರೆ ಸೈಲೆನ್ಸರ್ ಹಾಕಿಸಿದರೆ ಗಾಡಿ ಹಾರುತ್ತದೆ ಎಂದು ಹೇಳಿ ಆರು ಸಾವಿರ ಕೇಳಿದ್ದಾರೆ. ಇಷ್ಟು ಹಣ ಸುರಿಯುವ ಮೊದಲು ಅನುಭವಸ್ಥರ ಸಲಹೆ ಕೇಳೋಣವೆನಿಸಿತು.

ಉತ್ತರ 1 (ಗಂಗಾವತಿಯ ಗ್ಯಾರೇಜಿನಿಂದ)

ಸರ್, ಆರು ಸಾವಿರವನ್ನು ಸದ್ಯ ಜೇಬಿನಲ್ಲೇ ಇಟ್ಟುಕೊಳ್ಳಿ. ಎಂಜಿನ್ ಕೂಗುತ್ತದೆ, ವೇಗ ಬರುವುದಿಲ್ಲ ಎಂದು ನೀವು ಬರೆದ ಒಂದೇ ಮಾತಿನಿಂದ ನನ್ನ ಅನುಮಾನ ನೇರವಾಗಿ ವೇರಿಯೇಟರ್, ಅಂದರೆ ಬೆಲ್ಟಿನ ಮುಂದಿನ ಪುಲ್ಲಿಯ ಕಡೆಗೆ ಹೋಗುತ್ತದೆ.

ಗೇರಿಲ್ಲದ ಸ್ಕೂಟರಿನಲ್ಲಿ ಗೇರಿನ ಕೆಲಸವನ್ನು ಬೆಲ್ಟ್ ಮತ್ತು ಎರಡು ಪುಲ್ಲಿಗಳು ಮಾಡುತ್ತವೆ. ಮುಂದಿನ ಪುಲ್ಲಿಯ ಹಿಂಬದಿಯಲ್ಲಿ ಆರು ಚಿಕ್ಕ ರೋಲರ್‌ಗಳಿರುತ್ತವೆ. ಎಂಜಿನ್ ಜೋರಾಗಿ ತಿರುಗಿದಂತೆ ಅವು ಹೊರಮುಖವಾಗಿ ಸರಿದು, ಇಳಿಜಾರನ್ನು ಏರಿ, ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರಕ್ಕೆ ಒತ್ತುತ್ತವೆ. ಆಗ ಬೆಲ್ಟ್ ಅಂಚಿನತ್ತ ಮೇಲೇರುತ್ತದೆ, ಹಿಂದಿನ ಪುಲ್ಲಿ ಸ್ಪ್ರಿಂಗಿಗೆ ಎದುರಾಗಿ ಬಾಯಿ ತೆರೆದು ಬೆಲ್ಟನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಗಾಡಿ ಮೇಲಿನ ಗೇರಿಗೆ ಹೋದಂತಾಗುತ್ತದೆ. ದುಂಡಗಿರಬೇಕಾದ ರೋಲರ್ ಸವೆದು ಒಂದು ಮಗ್ಗುಲು ಚಪ್ಪಟೆಯಾದರೆ ಉರುಳುವುದಿಲ್ಲ, ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಬೆಲ್ಟಿನ ಅಗಲ ಸವೆದು ಕಡಿಮೆಯಾಗಿದ್ದರೂ ಇದೇ ಗತಿ: ತಟ್ಟೆಗಳು ಪೂರ್ತಿ ಕೂಡಿದರೂ ಬೆಲ್ಟ್ ಅಂಚಿನವರೆಗೆ ಬರುವುದಿಲ್ಲ. 46 ಸಾವಿರಕ್ಕೆ ಇವೆರಡನ್ನೂ ಒಮ್ಮೆಯಾದರೂ ಬದಲಿಸಿರಬೇಕು. ಬದಲಿಸಿದ ನೆನಪಿದೆಯೇ?

ನಾವು ಮಾಡುವ ಒಂದು ಸರಳ ಪರೀಕ್ಷೆ ಹೇಳುತ್ತೇನೆ. ಎಡಬದಿಯ ಕವರ್ ಬಿಚ್ಚಿಸಿ, ಮುಂದಿನ ಪುಲ್ಲಿಯ ತಟ್ಟೆಯ ಒಳಮೈ ಮೇಲೆ ನಡುವಿನಿಂದ ಅಂಚಿನವರೆಗೆ ಮಾರ್ಕರ್ ಪೆನ್ನಿನಲ್ಲಿ ಒಂದು ನೇರ ಗೆರೆ ಎಳೆಸಿ. ಕವರ್ ಹಾಕಿ, ಖಾಲಿ ರಸ್ತೆಯಲ್ಲಿ ಪೂರ್ತಿ ಎಕ್ಸಲೇಟರ್‌ನಲ್ಲಿ ಓಡಿಸಿ ಬನ್ನಿ. ಬೆಲ್ಟ್ ಎಲ್ಲಿಯವರೆಗೆ ಏರಿತ್ತೋ ಅಲ್ಲಿಯವರೆಗೆ ಗೆರೆ ಅಳಿಸಿರುತ್ತದೆ. ಅಂಚಿಗೆ ಬೆರಳಗಲ ಗೆರೆ ಹಾಗೇ ಉಳಿದಿದ್ದರೆ ನಿಮ್ಮ ವೇಗ ಎಲ್ಲಿ ಕಳೆದುಹೋಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಆ ಕೋಣೆಗೆ ಎಣ್ಣೆ, ಗ್ರೀಸ್ ಮಾತ್ರ ತಗಲಿಸಬೇಡಿ, ಬೆಲ್ಟ್ ಜಾರುತ್ತದೆ.

ಉತ್ತರ 2 (ರಾಯಚೂರಿನ ಶಿಕ್ಷಕಿ)

ಗ್ಯಾರೇಜಿನವರ ಮಾತಿಗೆ ಸೇರಿಸಿ ಧೂಳಿನ ವಿಷಯವನ್ನೂ ಹೇಳಬೇಕು. ನಾನು ರಾಯಚೂರಿನಿಂದ ಶಕ್ತಿನಗರದ ಕಡೆಗೆ ದಿನವೂ ಸ್ಕೂಟರಿನಲ್ಲೇ ಹೋಗಿಬರುತ್ತೇನೆ. ಹಾರುಬೂದಿ ತುಂಬಿದ ಲಾರಿಯೊಂದು ಮುಂದಿದ್ದರೆ ಸೀರೆಯ ಬಣ್ಣವೇ ಬದಲಾಗುತ್ತದೆ. ಗಿಣಿಗೇರಿಯ ಕಪ್ಪು ಧೂಳಿನಲ್ಲಿ ಓಡುವ ನಿಮ್ಮ ಗಾಡಿಯ ಏರ್ ಫಿಲ್ಟರ್ ಎಷ್ಟು ಉಸಿರಾಡುತ್ತಿದೆ ಎಂದು ಮೊದಲು ನೋಡಿ.

ಕಳೆದ ವರ್ಷ ನನಗೂ ಮೈಲೇಜ್ ಕುಸಿದಿತ್ತು. ಸರ್ವಿಸಿಗೆ ಬಿಟ್ಟಾಗಲೆಲ್ಲ ಫಿಲ್ಟರನ್ನು ಕಂಪ್ರೆಸರ್ ಗಾಳಿಯಿಂದ ಊದಿ, ಸ್ವಚ್ಛವಾಯಿತೆಂದು ಹಾಕಿ ಕಳುಹಿಸುತ್ತಿದ್ದರು. ಆಮೇಲೆ ತಿಳಿಯಿತು, ನನ್ನ ಗಾಡಿಯಲ್ಲಿರುವುದು ಎಣ್ಣೆ ಲೇಪಿಸಿದ ಕಾಗದದ ಫಿಲ್ಟರ್. ಅದನ್ನು ಊದುವಂತಿಲ್ಲ, ಪೆಟ್ರೋಲಿನಲ್ಲಿ ತೊಳೆಯುವಂತಿಲ್ಲ, ಬದಲಿಸುವುದೊಂದೇ ದಾರಿ. ಸ್ಪಂಜಿನ ಫಿಲ್ಟರ್ ಇರುವ ಗಾಡಿಗಳ ಮಾತು ಬೇರೆ, ಅದನ್ನು ತೊಳೆದು ಒಣಗಿಸಿ ಎಣ್ಣೆ ಹಚ್ಚಿ ಮತ್ತೆ ಬಳಸಬಹುದು. ಗಾಳಿ ಸಾಲದೆ ಹೋದರೆ ಕಾರ್ಬ್ಯುರೇಟರ್ ಗಾಡಿ ಪೆಟ್ರೋಲನ್ನು ಅಗತ್ಯಕ್ಕಿಂತ ಹೆಚ್ಚು ಕುಡಿಯುತ್ತದೆ. ಪ್ಲಗ್ ಬಿಚ್ಚಿಸಿ ನೋಡಿ: ತುದಿ ಕಾಫಿಪುಡಿಯ ಬಣ್ಣದಲ್ಲಿದ್ದರೆ ಸರಿ, ಕಾಡಿಗೆಯಂತೆ ಕಪ್ಪಾಗಿದ್ದರೆ ಅದೇ ರೋಗ. ಇನ್ನು ನಮ್ಮ ಭಾಗದಲ್ಲಿ ತೆರೆದ ಫಿಲ್ಟರ್ ಹಾಕಿಸುವುದೆಂದರೆ ಪಿಸ್ಟನ್ನಿಗೆ ಉಪ್ಪುಕಾಗದ ತಿನ್ನಿಸಿದಂತೆ.

ಟೈರಿನ ಗಾಳಿ, ಬ್ರೇಕ್ ಇವನ್ನೂ ಮರೆಯಬೇಡಿ. ಈ ಬಗೆಯ ಸ್ಕೂಟರ್‌ಗಳಿಗೆ ಸಾಮಾನ್ಯವಾಗಿ ಮುಂದೆ 22, ಒಬ್ಬರೇ ಹೋಗುವಾಗ ಹಿಂದೆ 29 ಪಿಎಸ್‌ಐ ಆಸುಪಾಸು ಇರಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ, ಸರ್ ಎಂದು ಉಜ್ಜುವ ಸದ್ದು ಬಂದರೆ ಬ್ರೇಕ್ ಹಿಡಿದೇ ಇದೆ ಎಂದರ್ಥ.

ಉತ್ತರ 3 (ಹೊಸಪೇಟೆಯಿಂದ)

ನಾನು ಹಗುರ ರೋಲರ್ ಹಾಕಿಸಿಕೊಂಡವನು, ಆದ್ದರಿಂದ ಹೇಳುತ್ತೇನೆ. ಪ್ರತಿ ರೋಲರಿಗೆ ಒಂದು ಗ್ರಾಂ ತೂಕ ಇಳಿಸಿದ್ದಕ್ಕೆ ಸಿಗ್ನಲ್ಲಿನಲ್ಲಿ ಗಾಡಿ ಚಿಮ್ಮುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತು ತಿರುಗುತ್ತದೆ, ಮೈಲೇಜ್ ಐದು ಕಿಲೋಮೀಟರ್ ಕಡಿಮೆಯಾಯಿತು. ಊರೊಳಗೆ ಓಡಾಡುವವರಿಗೆ ಸರಿ, ಐವತ್ತು ಕಿಲೋಮೀಟರ್ ಒಂದೇ ಸಮನೆ ಓಡಿಸುವವರಿಗೆ ಅಲ್ಲ.

ಉತ್ತರ 4 (ಬಳ್ಳಾರಿಯ ಪಾಲಿಟೆಕ್ನಿಕ್ ಉಪನ್ಯಾಸಕ)

ಮೇಲಿನವರೆಲ್ಲ ಗಾಡಿಯನ್ನು ನೋಡಿದ್ದಾರೆ, ದಾರಿಯನ್ನು ಯಾರೂ ನೋಡಿಲ್ಲ. ಹೋಗುವಾಗ ಅರವತ್ತು, ಬರುವಾಗ ನಲವತ್ತೈದು ಎಂದು ಪ್ರಶ್ನೆ ಕೇಳಿದವರೇ ಬರೆದಿದ್ದಾರೆ. ರೋಲರ್ ಸವೆದಿದ್ದರೆ, ಫಿಲ್ಟರ್ ಕಟ್ಟಿದ್ದರೆ, ಬ್ರೇಕ್ ಹಿಡಿದಿದ್ದರೆ ಆ ದೋಷ ಎರಡೂ ದಿಕ್ಕಿಗೆ ಸಮನಾಗಿ ಕಾಡಬೇಕಲ್ಲವೇ? ಮುನಿರಾಬಾದಿನಿಂದ ಕೊಪ್ಪಳಕ್ಕೆ ಬರುವುದೆಂದರೆ ಪಶ್ಚಿಮಕ್ಕೆ ಮುಖ ಮಾಡುವುದು. ಈಗ ನಡೆಯುತ್ತಿರುವುದು ಆಷಾಢ. ನಮ್ಮ ಸೀಮೆಗೆ ನೈಋತ್ಯ ಮಾರುತ ಮಳೆ ತರುವುದು ಕಡಿಮೆ, ಗಾಳಿ ತರುವುದು ಹೆಚ್ಚು. ಆ ಗಾಳಿ ಮಧ್ಯಾಹ್ನ ಕಳೆದ ಮೇಲೆ ಬಲಗೊಳ್ಳುತ್ತದೆ. ಗದಗಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ.

ಲೆಕ್ಕ ಹಾಕಿ ನೋಡೋಣ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನೀವು ಐವತ್ತರಲ್ಲಿ ಹೋಗುವಾಗ ಇಪ್ಪತ್ತರ ವೇಗದ ಗಾಳಿ ಎದುರಿನಿಂದ ಬಂದರೆ ಸ್ಕೂಟರಿಗೆ ಅದು ಎಪ್ಪತ್ತರ ಗಾಳಿ. ತಡೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅದೇ ಗಾಳಿ ಬೆನ್ನಿಗಿದ್ದರೆ ತಡೆ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಸುಮಾರು ಎಂಟು ಅಶ್ವಶಕ್ತಿಯ ಎಂಜಿನ್ ಈ ಅಂತರವನ್ನು ಮುಚ್ಚಿಡಲಾರದು. ರೇನ್‌ಕೋಟಿನ ಗುಂಡಿ ಬಿಚ್ಚಿಕೊಂಡು ಹೋಗುವ ಅಭ್ಯಾಸವಿದ್ದರೆ ಅದು ಕೊಡೆ ಬಿಡಿಸಿಕೊಂಡು ಓಡಿದಂತೆ.

ಸೈಲೆನ್ಸರ್ ಬದಲಿಸುವ ವಿಷಯದಲ್ಲಿ ಕಾನೂನನ್ನೂ ನೆನಪಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಕಲಮಿನಡಿ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಪ್ರಶ್ನೆ ಕೇಳಿದವರಿಂದ (ಹನ್ನೆರಡು ದಿನಗಳ ನಂತರ)

ಎಲ್ಲರಿಗೂ ಧನ್ಯವಾದಗಳು. ಕವರ್ ಬಿಚ್ಚಿಸಿ ಗೆರೆ ಎಳೆಸಿದೆ. ಓಡಿಸಿ ಬಂದು ನೋಡಿದರೆ ಅಂಚಿಗೆ ಒಂದೂವರೆ ಬೆರಳು ಗೆರೆ ಹೊಸದಾಗಿ ಬರೆದಂತೆ ಉಳಿದಿತ್ತು. ರೋಲರ್‌ಗಳನ್ನು ಅಂಗೈಯಲ್ಲಿ ಹಾಕಿ ಕೊಟ್ಟರು. ಆರರಲ್ಲಿ ನಾಲ್ಕು, ಒಂದು ಬದಿ ಉಗುರಿನಷ್ಟು ಚಪ್ಪಟೆ. ಫಿಲ್ಟರಿನ ಮಡಿಕೆಗಳ ನಡುವೆ ಕಪ್ಪು ಪುಡಿ ಗಟ್ಟಿಯಾಗಿ ಕುಳಿತಿತ್ತು, ಒಂದು ಕಡೆ ಕಾಗದವೂ ಹರಿದಿತ್ತು. ಕಂಪನಿಯ ತೂಕದ್ದೇ ರೋಲರ್, ಬೆಲ್ಟ್, ಫಿಲ್ಟರ್, ಪ್ಲಗ್ ಹಾಕಿಸಿ, ಹಿಂದಿನ ಬ್ರೇಕ್ ಬಿಚ್ಚಿ ಸ್ವಚ್ಛ ಮಾಡಿಸಿದ್ದಕ್ಕೆ ಕೂಲಿ ಸೇರಿ ಎರಡು ಸಾವಿರದೊಳಗೆ ಮುಗಿಯಿತು.

ಬೆಳಿಗ್ಗೆ ಈಗ ಎಪ್ಪತ್ತರ ಹತ್ತಿರ ಹೋಗುತ್ತದೆ. ಸಂಜೆ ಐವತ್ತೈದು. ಉಪನ್ಯಾಸಕರು ಹೇಳಿದ ಅಂತರ ಹಾಗೇ ಉಳಿದಿದೆ, ಆದರೆ ಎಂಜಿನ್ ಕೂಗುವುದು ನಿಂತಿದೆ. ಎರಡು ಬಾರಿ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದಾಗ ಮೈಲೇಜ್ 46 ಬಂತು. ರೇನ್‌ಕೋಟ್ ವಿಷಯ ನಿಜ, ಗುಂಡಿ ಹಾಕಿಕೊಂಡರೆ ಎರಡು ಮೂರು ಕಿ.ಮೀ. ವೇಗ ಹೆಚ್ಚು ಬರುತ್ತದೆ.

ಉತ್ತರ 1ರವರಿಂದ

ಸಂತೋಷ ಸರ್. ಇಷ್ಟೆಲ್ಲ ಮಾಡಿಸಿದಿರಿ, ಹಿಂದಿನ ಚಕ್ರದ ಬಳಿ ಇರುವ ಚಿಕ್ಕ ಗೇರ್ ಪೆಟ್ಟಿಗೆಯ ಆಯಿಲ್ ಬದಲಿಸಿದರೇ? ಎಂಜಿನ್ ಆಯಿಲ್ ಬೇರೆ, ಅದು ಬೇರೆ, ನೂರು ಎಂ.ಎಲ್. ಮೇಲೆ ಸ್ವಲ್ಪ ಹಿಡಿಯುತ್ತದೆ, ಹತ್ತು ನಿಮಿಷದ ಕೆಲಸ. ಬಹಳಷ್ಟು ಗಾಡಿಗಳಲ್ಲಿ ಕೊಂಡಾಗಿನ ಎಣ್ಣೆಯೇ ಉಳಿದಿರುತ್ತದೆ.