ವರ್ಗ ಬಹುಪದೋಕ್ತಿಯ ನಕ್ಷೆ ಎಕ್ಸ್ ಅಕ್ಷವನ್ನು ಛೇದಿಸುವುದೆಲ್ಲಿ?

ಪ್ರಶ್ನೆ: ಗುರುಗಳಿಗೆ ನಮಸ್ಕಾರ. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ವೈ = ಎಕ್ಸ್² − 4ಎಕ್ಸ್ + 1 ಎಂಬುದರ ನಕ್ಷೆಯನ್ನು ಎಳೆದು, ಅದು ಎಕ್ಸ್ ಅಕ್ಷವನ್ನು 0.33 ಮತ್ತು 3.67ರಲ್ಲಿ ಛೇದಿಸುತ್ತದೆ ಎಂದು ಬರೆದಿದ್ದಾಳೆ. ಸೂತ್ರ ಹಾಕಿ ಬಿಡಿಸಿದರೆ ಬೇರೆ ಬೆಲೆಗಳು ಬರುತ್ತವೆ. ಮೂಲಗಳ, ಅಂದರೆ ಛೇದಿಸುವ ಆ ಎರಡು ಎಕ್ಸ್ ಬೆಲೆಗಳ, ಮೊತ್ತ 4 ಆಗಬೇಕೆಂದು ತಿಳಿದು ತಾಳೆ ನೋಡಿದೆವು. ಅದು ಸರಿಯಾಗಿಯೇ ಇದೆ. ಹಾಗಿದ್ದರೆ ತಪ್ಪಿರುವುದು ಎಲ್ಲಿ?

ಉತ್ತರ: ನಮಸ್ಕಾರ. ನಕ್ಷೆಯು ಎಕ್ಸ್ ಅಕ್ಷವನ್ನು ಛೇದಿಸುವ ಕಡೆ ವೈ ಬೆಲೆ ಸೊನ್ನೆಯಾಗಿರುವುದರಿಂದ ಎಕ್ಸ್² − 4ಎಕ್ಸ್ + 1 = 0 ಎಂಬುದನ್ನು ಬಿಡಿಸಿದರೆ ಸಾಕು. ವರ್ಗವನ್ನು ಪೂರ್ಣಗೊಳಿಸಿದಾಗ (ಎಕ್ಸ್ − 2)² = 3 ಎಂದಾಗಿ, ಎಕ್ಸ್ ಬೆಲೆಗಳು 2 − √3 ಮತ್ತು 2 + √3, ಅಂದರೆ ಸುಮಾರು 0.27 ಮತ್ತು 3.73 ಎಂದು ದೊರೆಯುತ್ತವೆ.

ನಿಮ್ಮ ಮಗಳು (0, 1) ಮತ್ತು (1, −2) ಬಿಂದುಗಳನ್ನು ಅಳತೆಪಟ್ಟಿಯಿಟ್ಟು ಸೇರಿಸಿರಬೇಕೆಂದು ಆ 0.33 ಎಂಬ ಸಂಖ್ಯೆಯೇ ಹೇಳುತ್ತದೆ, ಏಕೆಂದರೆ ಆ ಎರಡು ಬಿಂದುಗಳ ನಡುವಿನ ಸರಳರೇಖೆಯು ಅಕ್ಷವನ್ನು ಸರಿಯಾಗಿ 1/3ರಲ್ಲಿ ಛೇದಿಸುತ್ತದೆ. ನಕ್ಷೆಯ ವಕ್ರರೇಖೆಯಾದ ಪರವಲಯವಾದರೋ ಆ ರೇಖೆಯ ಕೆಳಗೆ ಬಾಗಿ ಸಾಗುತ್ತದೆ. ಕೋಷ್ಟಕಕ್ಕೆ ಇನ್ನೆರಡು ಬೆಲೆಗಳನ್ನು ಸೇರಿಸಿ ನೋಡಿ: ಎಕ್ಸ್ = 0.5 ಆದಾಗ ವೈ = −0.75, ಎಕ್ಸ್ = 0.25 ಆದಾಗ ವೈ = 0.0625. ಅಂದ ಮೇಲೆ ಛೇದನಬಿಂದು 0.25ರ ತುಸು ಬಲಕ್ಕಿದೆ. ಬಿಂದುಗಳನ್ನು ಕೈಯಿಂದಲೇ ನಯವಾಗಿ ಸೇರಿಸಬೇಕು. ನಾನು ತಿದ್ದುವ ಪುಸ್ತಕಗಳಲ್ಲಿ ಈ ತಪ್ಪು ಕಾಣದ ವರ್ಷವಿಲ್ಲ.

ಮೊತ್ತ ತಾಳೆಯಾದುದಕ್ಕೆ ಕಾರಣ ಸಮ್ಮಿತಿ. ನಕ್ಷೆಯು ಎಕ್ಸ್ = 2 ರೇಖೆಯ ಎರಡೂ ಬದಿಗೆ ಒಂದೇ ರೀತಿ ಇರುವುದರಿಂದ, ಎಡಕ್ಕಾದ ತಪ್ಪು ಬಲಕ್ಕೂ ಅಷ್ಟೇ ಆಗಿ ಒಂದನ್ನೊಂದು ಕಳೆದುಕೊಂಡಿವೆ. ಗುಣಲಬ್ಧವನ್ನು ನೋಡಿದ್ದರೆ ಸಿಕ್ಕಿಬೀಳುತ್ತಿತ್ತು: ಅದು 1 ಆಗಬೇಕು, ಆದರೆ 0.33 × 3.67 ಸುಮಾರು 1.21 ಆಗುತ್ತದೆ.

ಮರುಪ್ರಶ್ನೆ: ಧನ್ಯವಾದಗಳು ಗುರುಗಳೇ, ಅಳತೆಪಟ್ಟಿ ಇಟ್ಟದ್ದು ನಿಜವಂತೆ. ಮುಂದಿನ ಲೆಕ್ಕದಲ್ಲಿ ಕೊನೆಯ ಪದ 1ರ ಬದಲು 5 ಇದೆ. ಅದರ ನಕ್ಷೆ ಅಕ್ಷವನ್ನು ಮುಟ್ಟುವುದೇ ಇಲ್ಲ. ಅದೂ ತಪ್ಪೇ?

ಉತ್ತರ: ಅಲ್ಲ, ಅದು ಸರಿಯಾಗಿದೆ. ಕೊನೆಯ ಪದ ಹೆಚ್ಚಿದಷ್ಟೂ ಅದೇ ಪರವಲಯ ಆಕಾರ ಕೆಡದೆ ಮೇಲಕ್ಕೆ ಸರಿಯುತ್ತದೆ. 1 ಇದ್ದಾಗ ಅದರ ಶೃಂಗ, ಅಂದರೆ ಅತಿ ಕೆಳಗಿನ ಬಿಂದು, (2, −3)ರಲ್ಲಿತ್ತು. 4 ಆದಾಗ ಶೃಂಗವು ಅಕ್ಷವನ್ನು 2ರಲ್ಲಿ ಸ್ಪರ್ಶಿಸುತ್ತದೆ. 5 ಆದಾಗ (2, 1)ಕ್ಕೆ ಏರಿರುತ್ತದೆ. ಸೂತ್ರದಲ್ಲಿ ವರ್ಗಮೂಲದೊಳಗೆ ಬರುವ ಶೋಧಕವೂ 16 − 20 = −4 ಎಂದು ಋಣವಾಗಿರುವುದರಿಂದ, "ವಾಸ್ತವ ಮೂಲಗಳಿಲ್ಲ" ಎಂದು ನಕ್ಷೆಯ ಕೆಳಗೆ ಬರೆಯಲು ಹೇಳಿ.