ಚೋಕ್ ತೆಗೆದರೆ ಬಂದ್ ಆಗುವ ಆರ್‌ಎಕ್ಸ್ 100: ನಿಮ್ಮ ಅನುಭವ ಹೇಳಿ

ಬದಿಯಡ್ಕ, ಆರ್‌ಎಕ್ಸ್ 100:
ಮಾವನ ಯಮಹಾ ಬೈಕ್, 1991ರ ಮಾಡೆಲ್. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿತ್ತು. ಚೋಕ್ ಹಾಕಿದರೆ ಸ್ಟಾರ್ಟ್ ಆಗುತ್ತದೆ, ತೆಗೆದ ಕೂಡಲೇ ಬಂದ್. ಕೆಲವು ಸಲ ಎಕ್ಸಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಪ್ಲಗ್ ಬಿಳಿ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹೋಗುವ ಸಣ್ಣ ತೂತಿನ ಜೆಟ್ ಕ್ಲೀನ್ ಮಾಡಿ ಆಯಿತು. ಹಳೇ ಮಿಕುನಿ ಕಾರ್ಬೊರೇಟರನ್ನೇ ಇಟ್ಟುಕೊಳ್ಳಲಾ, ಹೊಸದು ಹಾಕಿಸಲಾ?

ಪೆರ್ಲ, ಆರ್‌ಎಕ್ಸ್ 100:
ಕಾರ್ಬೊರೇಟರನ್ನು ಬಿಡಿ ಮಾರಾಯ್ರೇ. ನನ್ನದೂ ಹೀಗೇ ಇತ್ತು. ಮೆಕ್ಯಾನಿಕ್ ಮೊದಲು ರಿಪೇರಿ ಕಿಟ್ ಹಾಕಿದ, 240 ರೂಪಾಯಿ. ಆಮೇಲೆ ಡೂಪ್ಲಿಕೇಟ್ ಕಾರ್ಬೊರೇಟರ್, 1,350. ಅದನ್ನು ಎಂಜಿನ್ನಿಗೆ ಜೋಡಿಸುವ ಮ್ಯಾನಿಫೋಲ್ಡ್ ರಬ್ಬರ್ 180. ಪ್ಲಗ್ಗಿಗೆ ಕಿಡಿ ಕೊಡುವ ಸಿಡಿಐ ಸಂಶಯ ಅಂತ ಮತ್ತೆ 650. ಪ್ರತಿ ಸಲ ಲೇಬರ್ ಬೇರೆ. ಕೊನೆಗೆ ಪುತ್ತೂರಿಗೆ ಹೋಗುವಾಗ ಏರಿನಲ್ಲಿ ಪಿಸ್ಟನ್ ಜಾಮ್! ಬೋರ್, ಪಿಸ್ಟನ್, ರಿಂಗ್ ಸೇರಿ 2,900. ಆಗ ಲೇತಿನವರು ಕ್ರ್ಯಾಂಕಿನ ತುದಿಯ ಮ್ಯಾಗ್ನೆಟ್ ತೆಗೆದು ತೋರಿಸಿದರು. ಆ ಬದಿಯಲ್ಲಿ ಗಾಳಿ ತಡೆಯುವ ರಬ್ಬರಿನ ಕ್ರ್ಯಾಂಕ್ ಸೀಲ್ ಒಣಗಿ ಗಟ್ಟಿಯಾಗಿತ್ತು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು, ಗಾಳಿ ಎರಡೂ ಕ್ರ್ಯಾಂಕ್ ಕೇಸ್ ಮೂಲಕವೇ ಹೋಗಬೇಕಲ್ವಾ? ಸೀಲ್ ಹೋದರೆ ಅಲ್ಲಿಂದ ಕಳ್ಳ ಗಾಳಿ ನುಗ್ಗುತ್ತದೆ. ಚೋಕ್ ಹಾಕಿದಾಗ ಪೆಟ್ರೋಲ್ ಜಾಸ್ತಿ ಬರುವುದರಿಂದ ಹೇಗೋ ಓಡುತ್ತದೆ. ಸೀಲಿನ ಬೆಲೆ ಎಷ್ಟು ಗೊತ್ತಾ? 90 ರೂಪಾಯಿ. ಹೊಟ್ಟೆ ಉರಿಯಿತು.

ಹೊಸೂರು, ಯೆಜ್ಡಿ ರೋಡ್‌ಕಿಂಗ್:
ಎಲ್ಲದಕ್ಕೂ ಎಂಜಿನ್ ಬಿಚ್ಚಿಸಬೇಡಿ ಅಣ್ಣ. ಡೂಪ್ಲಿಕೇಟ್ ಹಾಕಿದಿರಿ, ಅದಕ್ಕೇ ಅಷ್ಟು ಖರ್ಚು. ಅವುಗಳಲ್ಲಿ ಜೆಟ್ ಮೇಲಿನ ನಂಬರಿಗೂ ತೂತಿಗೂ ಸಂಬಂಧವೇ ಇರುವುದಿಲ್ಲ. ಎಕ್ಸಲರೇಟರ್ ಎಳೆದಾಗ ಏಳುವ ಸ್ಲೈಡ್ ಲೊಡಲೊಡ ಅನ್ನುತ್ತದೆ. ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದು ಒರಿಜಿನಲ್ ಕಾರ್ಬೊರೇಟರ್ ಹುಡುಕಿದೆ. 7,000 ಕೇಳಿದರು, 6,200ಕ್ಕೆ ಒಪ್ಪಿದರು. ಅಲ್ಟ್ರಾಸೋನಿಕ್ ಕ್ಲೀನಿಂಗ್ 600. ಮನೆಯಲ್ಲಿ ಇವತ್ತಿಗೂ 2,000 ಅಂತಲೇ ಲೆಕ್ಕ. ಈಗ ಒಂದೇ ಕಿಕ್ಕು. ಇನ್ನೊಂದು ಮಾತು, ಜೆಟ್ ಕ್ಲೀನ್ ಮಾಡುವುದು ಅಂದರೆ ತಂತಿ ಹಾಕಿ ಚುಚ್ಚುವುದಲ್ಲ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾಗುತ್ತದೆ. ಚುಚ್ಚುವವರನ್ನು ಕಂಡರೆ ಮೈ ಉರಿಯುತ್ತದೆ.

ಪೆರ್ಲ:
ಯೆಜ್ಡಿ ಒಂದೇ ಕಿಕ್ಕಿಗಾ? ಆ ದಿನ ಊರಿಗೆಲ್ಲ ಪಾಯಸ ಹಂಚಿದಿರಾ?

ಹೊಸೂರು:
ನಿಮ್ಮ ಗಾಡಿಯ ತಯಾರಿಯೂ 1996ಕ್ಕೆ ನಿಂತಿತು, ಯೆಜ್ಡಿ ಮಾಡುತ್ತಿದ್ದ ನಮ್ಮ ಮೈಸೂರಿನ ಫ್ಯಾಕ್ಟರಿಯೂ 1996ಕ್ಕೆ ಮುಚ್ಚಿತು. ಜಂಬ ಯಾಕೆ? ಬಿಳಿ ಪ್ಲಗ್ ಅಂದರೆ ಮೊದಲು ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ನೋಡಬೇಕು. 90 ರೂಪಾಯಿ ಸೀಲಿಗೆ ನೀವು ಐದು ಸಾವಿರ ಸುರಿದಿರಿ, ಈಗ ಎಲ್ಲರ ಕೈಲೂ ಸುರಿಸುತ್ತೀರಿ.

ಪೆರ್ಲ:
ರೇಸ್ ಇಳಿಯುವುದಿಲ್ಲ ಅಂತ ಬದಿಯಡ್ಕದವರು ಬರೆದದ್ದು ಓದಿದಿರಾ? ಅದು ಕಳ್ಳ ಗಾಳಿಯ ಲಕ್ಷಣ. ಸುಮ್ನೆ ಜೆಟ್ ಜೆಟ್ ಅನ್ನಬೇಡಿ.

ಕುಂಬಳೆ, ಸುಜುಕಿ ಮ್ಯಾಕ್ಸ್ 100:
ಪೆಟ್ರೋಲಿನ ವಿಷಯ ಯಾರೂ ಎತ್ತುವುದಿಲ್ಲ. ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್, ಬಂದದ್ದು 2023ರಲ್ಲಿ. ನನ್ನ ಗೋಳು ಶುರುವಾದದ್ದೂ ಆಗಲೇ. ಎಥನಾಲ್ ನೀರು ಹೀರುತ್ತದೆ. ನಮ್ಮ ಕರಾವಳಿ ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಟ್ಟರೆ ಕೇಳುವುದೇ ಬೇಡ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್ ಬಿಚ್ಚಿದರೆ ಒಳಗೆ ಬಿಳಿ ಹಿಟ್ಟು. ಅದಕ್ಕೆ ಬರುವ ಪೆಟ್ರೋಲ್ ತಡೆಯುವ ನೀಡಲ್ಲಿನ ರಬ್ಬರ್ ತುದಿ ಉಬ್ಬಿ ಪೆಟ್ರೋಲ್ ಓವರ್‌ಫ್ಲೋ. ಟ್ಯಾಂಕ್ ತುಕ್ಕು ಹಿಡಿದಿತ್ತು, ಕೋಟಿಂಗಿಗೆ 2,200 ಕೊಟ್ಟೆ. ಅದೂ ಸಿಪ್ಪೆ ಎದ್ದು ಟ್ಯಾಪ್ ಬ್ಲಾಕ್. ಪೆಟ್ರೋಲ್ ಟ್ಯಾಪಿನ ಜಾಲರಿ ನೋಡದೆ ಕಾರ್ಬೊರೇಟರಿಗೆ ಬೈಯಬೇಡಿ. ಈಗ ನಾನು ಕರ್ನಾಟಕದ ಗಡಿಯ ತಲಪಾಡಿ ದಾಟಿಯೇ ಪೆಟ್ರೋಲ್ ಹಾಕಿಸುವುದು.

ಉಪ್ಪಳ, ಸದ್ಯ ಗಾಡಿ ಇಲ್ಲ:
ಗಡಿಯಾಚೆ ಸಿಗುವುದೂ ಇ20ಯೇ. ಬೆಲೆ ಕಡಿಮೆ, ಅಷ್ಟೇ. ಕುಂಬಳೆಯಿಂದ ಹೋಗಿ ಬರಲಿಕ್ಕೇ ಒಂದು ಲೀಟರ್ ಬೇಕು. ಉಳಿದದ್ದೆಷ್ಟು?

ಕುಂಬಳೆ:
ನಾನು ಮಂಗಳೂರಿಗೆ ಕೆಲಸಕ್ಕೆ ಹೋಗುವವ. ಬೇಕಂತಲೇ ಹೋಗುವುದಲ್ಲ. ಗಾಡಿ ಇಲ್ಲದವರಿಗೆ ಇದೆಲ್ಲ ಯಾಕೆ?

ಉಪ್ಪಳ:
ಗಾಡಿ ಮಾರಿದ್ದೇ ಇಂಥ ಸಲಹೆ ಕೇಳಿ ಕೇಳಿ.

ಅಕ್ಕಲಕೋಟೆ, ರಾಜದೂತ್ 350:
ಒಂದು ಕಾರ್ಬೊರೇಟರಿಗೇ ಇಷ್ಟು ಜಗಳ ಏನ್ರೀ? ನಮ್ಮದರಲ್ಲಿ ಎರಡಿವೆ. ಎರಡೂ ಸ್ಲೈಡ್ ಒಟ್ಟಿಗೇ ಏಳಬೇಕು. ಕೇಬಲ್ ಕೂದಲೆಳೆಯಷ್ಟು ಸಡಿಲವಾದರೂ ಒಂದು ಪ್ಲಗ್ ಕಪ್ಪು, ಇನ್ನೊಂದು ಬಿಳಿ. ಸೊಲ್ಲಾಪುರದಲ್ಲಿ ಒಬ್ಬರು ಟ್ಯೂನ್ ಮಾಡುತ್ತೇನೆ ಅಂತ 3,000 ತಗೊಂಡು ಗಾಳಿ ಹೊಂದಿಸುವ ಏರ್ ಸ್ಕ್ರೂ ಪೂರ್ತಿ ಹೊರಗೆ ತಿರುಗಿಸಿ ಕಳಿಸಿದರು. ಮಿಶ್ರಣ ತೆಳುವಾಗಿ ಎಡಗಡೆ ಪಿಸ್ಟನ್ ಹೋಯಿತು. ಎರಡೂ ಪಿಸ್ಟನ್ ಬದಲಿಸಲು 11,000. ಆಮೇಲೆ ಯಾರ ಕೈಗೂ ಕೊಟ್ಟಿಲ್ಲ. ಎಂಜಿನ್ ಓಡುವಾಗ ಮ್ಯಾನಿಫೋಲ್ಡ್ ಜಾಯಿಂಟಿಗೆ ಕಾರ್ಬ್ ಕ್ಲೀನರ್ ಚೂರು ಸ್ಪ್ರೇ ಮಾಡಿ ನೋಡ್ರೀ. ರೇಸ್ ಬದಲಾದರೆ ಗಾಳಿ ಅಲ್ಲಿಂದಲೇ ಹೋಗುತ್ತಿದೆ. ಬಿಸಿ ಸೈಲೆನ್ಸರ್ ಮೇಲೆ ಬೀಳದಂತೆ ನೋಡಿಕೊಳ್ಳಿ, ಬೆಂಕಿ ಹತ್ತೀತು.

ಹೊಸೂರು:
ಅಣ್ಣ, ನಿಮ್ಮದು ಎಚ್‌ಟಿ (ಹೈ ಟಾರ್ಕ್) ನಾ ಎಲ್‌ಟಿ (ಲೋ ಟಾರ್ಕ್) ನಾ?

ಅಕ್ಕಲಕೋಟೆ:
ಎಚ್‌ಟಿ. ಮಾರುವುದಿಲ್ಲ. ಕೇಳಬೇಡಿ.

ಬದಿಯಡ್ಕ:
ಸ್ಪ್ರೇ ಮಾಡಿದೆ. ಮ್ಯಾನಿಫೋಲ್ಡ್ ಹತ್ತಿರ ಏನೂ ವ್ಯತ್ಯಾಸ ಇಲ್ಲ. ಇನ್ನು ಸೀಲೇ ನೋಡಬೇಕು. ಮ್ಯಾಗ್ನೆಟ್ ತೆಗೆಯುವ ಪುಲ್ಲರ್ ಯಾರ ಹತ್ತಿರ ಉಂಟು?

ಪೆರ್ಲ:
ನನ್ನ ಹತ್ತಿರ ಉಂಟು. ಆದಿತ್ಯವಾರ ಬನ್ನಿ. ಹೊಸೂರಿನವರೂ ಬರಲಿ, ಸೀಲ್ ಕಣ್ಣಾರೆ ನೋಡಲಿ.

ಹೊಸೂರು:
ಪೈಲಟ್ ಜೆಟ್ ಕೂಡ ಬಿಚ್ಚಿಡಿ. ಆಮೇಲೆ ಮಾತಾಡೋಣ.

ಕುಂಬಳೆ:
ಪೆರ್ಲದವರೇ, ಆ ಪುಲ್ಲರ್ ನನ್ನದು. ಕಳೆದ ಮಳೆಗಾಲದಲ್ಲಿ ಕೊಂಡುಹೋದದ್ದು.