ಸಹಾಯ ಬೇಕು: ಮೀರ್‌ಶಾಮ್ ಪೈಪ್ ದಿನಾ ಬಳಸಿದರೆ ಬಾಳಿಕೆ ಬರುತ್ತದಾ?

ಎಲ್ಲರಿಗೂ ನಮಸ್ಕಾರ. ತಾತನ ತಂಬಾಕು ಸೇದುವ ಮೀರ್‌ಶಾಮ್ ಪೈಪ್ ನನ್ನ ಕೈಗೆ ಬಂದಿದೆ. ಟರ್ಕಿಯ ಎಸ್ಕಿಶೆಹಿರ್ ಕಡೆ ಅಗೆದು ತೆಗೆಯುತ್ತಾರಲ್ವಾ, ಆ ಬಿಳಿ ಕಲ್ಲಿನದು, ತಾತ ಸೇದಿ ಸೇದಿ ಈಗ ಜೇನಿನ ಬಣ್ಣಕ್ಕೆ ತಿರುಗಿದೆ, ನೋಡಲು ತುಂಬಾ ಚೆಂದ. ಬೆಂಕಿಗೆ ಸುಡುವುದಿಲ್ಲ, ಆದರೆ ಕೆಳಗೆ ಬಿದ್ದರೆ ಒಡೆಯುತ್ತದೆ, ಅದೇ ಭಯ. ನಾನು ಜಯನಗರದಿಂದ ದಿನಾ ಬೈಕಿನಲ್ಲಿ ಆಫೀಸಿಗೆ ಹೋಗುವವನು, ಗುಂಡಿಗಳ ರಸ್ತೆಯಲ್ಲಿ ಬ್ಯಾಗಿನೊಳಗೆ ಇಟ್ಟುಕೊಂಡು ಓಡಾಡಬಹುದಾ, ಇಲ್ಲ ಮನೆಯಲ್ಲೇ ಇಡಬೇಕಾ? ಬಿಸಿ ಇರುವಾಗ ಬಾಯಿಗಿಡುವ ಕೊಳವೆ ತಿರುಗಿಸುವುದಿಲ್ಲ, ಒಳಗೆ ಮಸಿ ದಪ್ಪಗೆ ಕಟ್ಟದ ಹಾಗೆ ಪ್ರತಿ ಸಲ ಒರೆಸುತ್ತೇನೆ. ಆದರೂ ಕೊಳವೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತಿದೆ. ಬೆಂಗಳೂರಿನಲ್ಲಿ ರಿಪೇರಿ ಮಾಡುವವರು ಗೊತ್ತಿದ್ದರೆ, ಅಥವಾ ನೀವೇ ವರ್ಷಗಟ್ಟಲೆ ಬಳಸಿದ್ದರೆ, ದಯವಿಟ್ಟು ತಿಳಿಸಿ. ತಾತನ ನೆನಪಿಗೆ ಉಳಿದಿರುವುದು ಇದೊಂದೇ.